ಹಿಂದಕ್ಕೆ ಸರಿದ ಹತ್ತು ರೂಪಾಯಿ

ಕಳೆದ ಭಾನುವಾರ ಬೆಳಿಗ್ಗೆ ಜಯನಗರದ ಹೊಸ ಹೋಟೆಲೊಂದರಲ್ಲಿ ಕಂಡದ್ದು ಮೂರು ದಿನವಾದರೂ ನನ್ನ ಮನಸ್ಸಿನಿಂದ ಹೋಗಿಲ್ಲ. ಹೋಟೆಲಿನ ಹೆಸರು ಹೇಳುವುದಿಲ್ಲ. ಅದೊಂದೇ ಹೋಟೆಲಿನ ದೋಷವಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಲೂ ಇರಲಿಲ್ಲ.

ಪಕ್ಕದ ಮೇಜಿನಲ್ಲಿ ಎಪ್ಪತ್ತೈದು ದಾಟಿರಬಹುದಾದ ದಂಪತಿ ಕುಳಿತಿದ್ದರು. ಅವರಿಗೆ ಬಡಿಸುತ್ತಿದ್ದ ಹುಡುಗನಿಗೆ ಇಪ್ಪತ್ತು ತುಂಬಿರಲಾರದು, ಮಾತಿನಿಂದ ಬಾಗಲಕೋಟೆ ಕಡೆಯವನೆಂದು ತಿಳಿಯುತ್ತಿತ್ತು. ಅಜ್ಜಿಗೆ ಏಳುವಾಗ ಆಸರೆಯಾಗಲೆಂದು ಬೇರೆ ಮೇಜಿನಿಂದ ಕೈಯಿರುವ ಕುರ್ಚಿಯನ್ನು ತಂದು ಹಾಕಿದವನು ಅವನೇ. ‘ಬಿಸಿನೀರು ತರ್ಲೇನ್ರೀ ಅಜ್ಜಾರ’ ಎಂದು ಯಾರೂ ಕೇಳುವ ಮೊದಲೇ ಕೇಳಿದವನೂ ಅವನೇ. ಇಡ್ಲಿಯನ್ನು ಇಬ್ಬರೂ ಹಂಚಿಕೊಳ್ಳುತ್ತಾರೆಂದು ಗೊತ್ತಾದ ಕೂಡಲೇ ಇನ್ನೊಂದು ಖಾಲಿ ತಟ್ಟೆಯನ್ನೂ ಚಟ್ನಿಯ ಬಟ್ಟಲನ್ನೂ ತಂದಿಟ್ಟ.

ಬಿಲ್ಲು ತಂದವನು ಮಾತ್ರ ಬೇರೆ. ಕಪ್ಪು ವೇಸ್ಟ್‌ಕೋಟು ತೊಟ್ಟ ಕ್ಯಾಪ್ಟನ್. ಎರಡು ಮಸಾಲೆ ದೋಸೆ, ಒಂದು ಪ್ಲೇಟ್ ಇಡ್ಲಿ, ಎರಡು ಕಾಫಿ ಸೇರಿ 640 ರೂಪಾಯಿ. ಅದರ ಮೇಲೆ ಶೇಕಡಾ 10ರಂತೆ ಸರ್ವಿಸ್ ಚಾರ್ಜ್ 64 ರೂಪಾಯಿ. ಆ ಎರಡನ್ನೂ ಕೂಡಿಸಿದ ಮೊತ್ತಕ್ಕೆ ಶೇಕಡಾ 5ರ ಜಿಎಸ್‌ಟಿ. ಅಜ್ಜ ಕನ್ನಡಕ ಏರಿಸಿಕೊಂಡು ಬಿಲ್ಲನ್ನು ಓದಿ, ‘ಈ ಅರವತ್ತನಾಲ್ಕು ಯಾತರದ್ದು?’ ಎಂದು ಮೆಲ್ಲಗೆ ಕೇಳಿದರು. ‘ಅದು ಸ್ಟಾಫ್‌ಗೆ ಅಂಕಲ್, ಎಲ್ರೂ ಕೊಡ್ತಾರೆ’ ಎಂಬ ಉತ್ತರ ನನ್ನ ಮೇಜಿಗೂ ಅದರಾಚೆಯ ಮೇಜಿಗೂ ಕೇಳಿಸುವಷ್ಟು ಗಟ್ಟಿಯಾಗಿ ಬಂತು. ಅವರು ಮತ್ತೆ ಕೇಳಲಿಲ್ಲ. ಏಳುನೂರ ನಲವತ್ತು ರೂಪಾಯಿಯನ್ನು ಎಣಿಸಿ ಇಟ್ಟರು. ಆಮೇಲೆ ಅಂಗಿಯ ಜೇಬಿನಿಂದ ಹತ್ತು ರೂಪಾಯಿಯ ನೋಟೊಂದನ್ನು ತೆಗೆದು, ಉದ್ದಕ್ಕೆ ಮಡಿಸಿ, ಬಡೇಸೋಪಿನ ಬಟ್ಟಲಿನ ಅಡಿಗೆ ಸಿಕ್ಕಿಸಿ, ತಟ್ಟೆ ಎತ್ತಲು ಬಂದಿದ್ದ ಆ ಹುಡುಗನ ಕಡೆಗೆ ನೋಡಿದರು. ಹುಡುಗನ ಕೈ ಅರ್ಧ ಮುಂದೆ ಬಂದಿತ್ತು. ಅಷ್ಟರಲ್ಲಿ ಕ್ಯಾಪ್ಟನ್ ಎರಡು ಬೆರಳಿನಲ್ಲಿ ಆ ನೋಟನ್ನು ಎತ್ತಿ ಅಜ್ಜನ ಮುಂದಕ್ಕೆ ತಳ್ಳಿದ: ‘ಹತ್ತು ರೂಪಾಯಿ ಈಗ ಯಾರು ತಗೋತಾರೆ ಅಂಕಲ್, ಆಟೋಗೆ ಇಟ್ಕೊಳ್ಳಿ.’

ಅಜ್ಜ ಏನೂ ಹೇಳಲಿಲ್ಲ. ನೋಟನ್ನು ಅದೇ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಲು ಹೋದರು. ಕೈ ನಡುಗುತ್ತಿದ್ದುದರಿಂದ ಗುಂಡಿ ಕಾಜಾಕ್ಕೆ ಸೇರಲಿಲ್ಲ. ಕೊನೆಗೆ ಅಜ್ಜಿ ಕೈಚಾಚಿ ಹಾಕಿದರು.

ನನ್ನ ಅಪ್ಪ ಹೋಟೆಲಿನಲ್ಲಿ ದುಡಿದವರು ಎಂಬುದು ನಿಮ್ಮಲ್ಲಿ ಬಹುತೇಕರಿಗೆ ಗೊತ್ತು. ಕುಂದಾಪುರದ ಹಳ್ಳಿಯಿಂದ ಹದಿಮೂರನೆಯ ವಯಸ್ಸಿಗೆ ಬೆಂಗಳೂರಿಗೆ ಬಂದು, ಮೊದಲು ಕ್ಲೀನರ್ ಆಗಿ ಮೇಜು ಒರೆಸಿ, ಆಮೇಲೆ ಸಪ್ಲೈಯರ್ ಆಗಿ, ಕೊನೆಯ ಹನ್ನೆರಡು ವರ್ಷ ಗಲ್ಲೆಯ ಮೇಲೆ ಕುಳಿತವರು. ನಾನು ಓದಿದ್ದು ಅವರ ಸಂಬಳದಿಂದ ಮಾತ್ರವಲ್ಲ, ಮೇಜಿನ ಮೇಲೆ ಗಿರಾಕಿಗಳು ಬಿಟ್ಟುಹೋದ ನಾಲ್ಕಾಣೆ, ಎಂಟಾಣೆಗಳಿಂದ ಕೂಡ. ಆದ್ದರಿಂದ ಚಿಲ್ಲರೆ ದುಡ್ಡನ್ನು ಯಾರಾದರೂ ಹಗುರವಾಗಿ ಕಂಡರೆ ನನಗೆ ತಡೆಯುವುದಿಲ್ಲ. ಅಪ್ಪನ ಮೇಜಿಗೆ ದಿನವೂ ಬರುತ್ತಿದ್ದ ನಿವೃತ್ತ ಮೇಷ್ಟರೊಬ್ಬರ ವಿಷಯವನ್ನು ಅವರು ಈಗಲೂ ಹೇಳುತ್ತಾರೆ. ದಿನಕ್ಕೆ ನಾಲ್ಕಾಣೆ ಅವರ ಲೆಕ್ಕ. ತಿಂಗಳ ಕೊನೆಯಲ್ಲಿ ಕೈ ಖಾಲಿಯಾದಾಗ, ಬಂದು ಕೂರುವ ಮೊದಲೇ ‘ಇವತ್ತು ಇಲ್ಲಪ್ಪ’ ಎಂದು ಹೇಳಿಯೇ ಕೂರುತ್ತಿದ್ದರಂತೆ. ಒಂದನೆಯ ತಾರೀಖಿಗೆ ಪಿಂಚಣಿ ಬಂದ ಮೇಲೆ, ತಪ್ಪಿದ ಐದು ದಿನದ್ದನ್ನೂ ಕೂಡಿಸಿ ಒಂದೂಕಾಲು ರೂಪಾಯಿಯನ್ನು ಅಪ್ಪನ ಅಂಗೈಯಲ್ಲಿ ಇಡುತ್ತಿದ್ದರಂತೆ. 2011ರ ಜೂನ್ 30ರಿಂದ ನಾಲ್ಕಾಣೆಯ ನಾಣ್ಯಕ್ಕೆ ಬೆಲೆಯೇ ಇಲ್ಲವಾಯಿತು. ಆ ನಾಣ್ಯ ಇಟ್ಟು ಅಭ್ಯಾಸವಾದ ಕೈಗಳು ಇನ್ನೂ ನಮ್ಮ ನಡುವೆ ಇವೆ, ಮತ್ತು ಆ ಕೈಗಳಿಗೆ ಹತ್ತು ರೂಪಾಯಿ ಎಂದರೆ ಯೋಚಿಸಿಯೇ ಇಟ್ಟ ದುಡ್ಡು.

ಆ ಅರವತ್ತನಾಲ್ಕು ರೂಪಾಯಿಯ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ಹತ್ತು ರೂಪಾಯಿಗೆ ಅವಮಾನ ಮಾಡಿದ್ದು ಆ ಅರವತ್ತನಾಲ್ಕೇ. ಹೋಟೆಲುಗಳು ಬಿಲ್ಲಿಗೆ ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲು ಮಾಡಬಾರದು, ಕೊಡುವುದೂ ಬಿಡುವುದೂ ಗಿರಾಕಿಯ ಇಚ್ಛೆ ಎಂದು ಅವರಿಗೆ ಸ್ಪಷ್ಟವಾಗಿ ತಿಳಿಸಬೇಕು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಅದನ್ನು ಊಟದ ಬಿಲ್ಲಿಗೆ ಕೂಡಿಸಿ ಒಟ್ಟು ಮೊತ್ತಕ್ಕೆ ಜಿಎಸ್‌ಟಿ ಹಾಕಕೂಡದು ಎಂಬುದೂ ಅದರಲ್ಲಿದೆ. ಹೋಟೆಲ್ ಮಾಲೀಕರ ಒಕ್ಕೂಟಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಏಕಸದಸ್ಯ ಪೀಠ ಮಾರ್ಗಸೂಚಿಯನ್ನು ಎತ್ತಿಹಿಡಿದು, ಅರ್ಜಿದಾರರಿಗೆ ತಲಾ ಒಂದು ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಮೇಲ್ಮನವಿಯಾಗಿದೆ ಎಂಬುದು ಗೊತ್ತು. ಆದರೂ ಒಬ್ಬ ಹಿರಿಯರು ಒಂದು ಪ್ರಶ್ನೆ ಕೇಳಿದಾಗ ‘ಬೇಡವೆಂದರೆ ತೆಗೆಯುತ್ತೇವೆ ಸರ್’ ಎಂದು ಹೇಳಲು ಯಾವ ಕೋರ್ಟಿನ ಅಡ್ಡಿಯಿದೆ? ‘ಎಲ್ಲರೂ ಕೊಡುತ್ತಾರೆ’ ಎಂಬ ಮಾತನ್ನು ಹತ್ತು ಜನರೆದುರು ಹೇಳುವುದು, ಅವರು ನಾಚಿಕೊಂಡು ಸುಮ್ಮನಾಗಲಿ ಎಂದೇ. ವಯಸ್ಸಾದವರ ಮೇಲೆ ಈ ಮಾತು ಬೇಗ ನಾಟುತ್ತದೆ. ಕಿರಿಯರು ಜಗಳಕ್ಕೆ ನಿಲ್ಲುತ್ತಾರೆ, ಇಲ್ಲವೇ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತಾರೆ. ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡ ಎಪ್ಪತ್ತೈದರ ಮನುಷ್ಯ ಮರ್ಯಾದೆಗೆ ಅಂಜಿ ದುಡ್ಡು ಎಣಿಸುತ್ತಾರೆ.

ಹೋಟೆಲ್ ಹುಡುಗರ ಸಂಬಳ ಕಡಿಮೆ, ಹತ್ತು ರೂಪಾಯಿಗೆ ಇವತ್ತು ಏನೂ ಬರುವುದಿಲ್ಲ, ಅಮೆರಿಕದಲ್ಲಾದರೆ ಶೇಕಡಾ 20 ಕೊಡದೆ ಎದ್ದು ಬರುವಂತಿಲ್ಲ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಈ ವಾದ ನನಗೆ ಹೊಸದಲ್ಲ. ಅಲ್ಲಿರುವ ನನ್ನ ತಂಗಿಯೇ ಹೇಳುತ್ತಾಳೆ. ಅಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕ ಕೊಡಬೇಕಾದ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, ಅದೂ 1991ರಿಂದ ಬದಲಾಗಿಲ್ಲ. ಉಳಿದದ್ದು ಗಿರಾಕಿಯ ಟಿಪ್ಸಿನಿಂದ ಬಂದು 7.25 ಡಾಲರ್ ಮುಟ್ಟಬೇಕು, ಮುಟ್ಟದಿದ್ದರೆ ಮಾಲೀಕ ತುಂಬಿಕೊಡಬೇಕು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಈ ಪದ್ಧತಿಯನ್ನೇ ಒಪ್ಪಿಲ್ಲ. ಅಂದರೆ ಅಲ್ಲಿಯ ಟಿಪ್ಸ್ ಬಹುಪಾಲು ಸಂಬಳದ್ದೇ ಒಂದು ಭಾಗ. ನಮ್ಮ ರಾಜ್ಯದಲ್ಲಿ ಹೋಟೆಲ್ ಕೆಲಸಗಾರರಿಗೆ ಕನಿಷ್ಠ ವೇತನ ಗೊತ್ತುಮಾಡುವಾಗ ಗಿರಾಕಿಯ ಜೇಬನ್ನು ಆ ಲೆಕ್ಕಕ್ಕೆ ಹಿಡಿಯುವ ಪದ್ಧತಿಯಿಲ್ಲ. ಸಂಬಳ ಸಾಲದಿದ್ದರೆ ದೋಸೆಯ ಬೆಲೆಯನ್ನು ಇನ್ನೂ ಹತ್ತು ರೂಪಾಯಿ ಏರಿಸಿ, ಗೋಡೆಯ ಮೇಲೆ ದೊಡ್ಡದಾಗಿ ಬರೆದು, ಆ ಹುಡುಗನಿಗೆ ಕೊಡಲಿ. ತಿನ್ನುವವರು ನೋಡಿ ತಿನ್ನುತ್ತಾರೆ. ಸಂಬಳದ ಕೊರತೆಯನ್ನು ಮುಂದಿಟ್ಟು, ಕೊಟ್ಟದ್ದು ಕಡಿಮೆಯಾಯಿತೆಂದು ಒಬ್ಬ ಮುದುಕರ ಮೋರೆ ತಗ್ಗಿಸುವ ಅಧಿಕಾರವನ್ನು ಯಾರೂ ಯಾರಿಗೂ ಕೊಟ್ಟಿಲ್ಲ.

ಆ ಅರವತ್ತನಾಲ್ಕು ರೂಪಾಯಿ ಹುಡುಗನಿಗೆ ಸೇರುತ್ತದೆಯೇ ಎಂದು ಕೈತೊಳೆಯುವ ಜಾಗದಲ್ಲಿ ಅವನನ್ನೇ ಕೇಳಿದೆ. ‘ತಿಂಗ್ಳ ಕಡೀಗೆ ಏನೋ ಕೂಡ್ಸಿ ಕೊಡ್ತಾರ್ರೀ, ಎಷ್ಟಂತ ನಮಗ ಗೊತ್ತಾಗಂಗಿಲ್ಲ’ ಎಂದ. ಅಪ್ಪನ ಕಾಲದ ಹೋಟೆಲಿನಲ್ಲಿ ಗಲ್ಲೆಯ ಪಕ್ಕದಲ್ಲಿ ಒಂದು ತಗಡಿನ ಡಬ್ಬಿ ಇತ್ತು; ಶನಿವಾರ ರಾತ್ರಿ ಬಾಗಿಲು ಹಾಕಿದ ಮೇಲೆ ಎಲ್ಲರೆದುರಿಗೆ ಅದನ್ನು ಸುರಿದು ಎಣಿಸಿ, ತಟ್ಟೆ ತೊಳೆಯುವ ಹುಡುಗನಿಗೂ ಪಾಲು ಕೊಡುತ್ತಿದ್ದರು. ಈಗ ಡಬ್ಬಿಯೂ ಇಲ್ಲ, ಮೇಜಿನ ಮೇಲೆ ಚಿಲ್ಲರೆಯೂ ಉಳಿಯುವುದಿಲ್ಲ. ಯುಪಿಐ ಬಂದ ಮೇಲೆ ಬಿಲ್ಲಿನ ಕೊನೆಯ ಪೈಸೆಯವರೆಗೂ ಸರಿಯಾಗಿ ಮಾಲೀಕರ ಖಾತೆಗೇ ಹೋಗುತ್ತದೆ. ನಾವು, ನಲವತ್ತರ ಐವತ್ತರ ಆಸುಪಾಸಿನವರು, ಮೊಬೈಲು ತೋರಿಸಿ ಎದ್ದುಬರುತ್ತೇವೆ. ಬಡಿಸಿದವನ ಕೈಗೆ ಏನೂ ಸೇರಿಲ್ಲವೆಂಬುದು ನಮಗೆ ನೆನಪಾಗುವುದೂ ಇಲ್ಲ. ಇವತ್ತಿಗೂ ಆ ಕೈಯನ್ನು ನೆನಪಿಟ್ಟುಕೊಂಡು ನೋಟು ಮಡಿಸುವವರು ಹೆಚ್ಚಾಗಿ ಈ ಹಿರಿಯರೇ, ಮತ್ತು ನಾವು ತಳ್ಳುತ್ತಿರುವುದು ಅವರ ನೋಟನ್ನೇ.

ಹಿರಿಯರಲ್ಲಿ ತಪ್ಪೇ ಇಲ್ಲವೆಂದು ನಾನು ಹೇಳಲಾರೆ. ನಮ್ಮೂರಿನ ಕಡೆ ‘ಮಾಣಿ’ ಎಂದರೆ ಮನೆಯ ಹುಡುಗ. ಅಜ್ಜಿ ನನ್ನನ್ನು ಕೊನೆಯವರೆಗೂ ಹಾಗೆಯೇ ಕರೆದಳು. ಅದೇ ಪದ ಘಟ್ಟ ಹತ್ತಿ ಬೆಂಗಳೂರಿನ ಹೋಟೆಲು ಸೇರಿದ ಮೇಲೆ ‘ಏಯ್ ಮಾಣಿ’ ಆಯಿತು. ಮನೆಯಲ್ಲಿ ಕೆಲಸದವಳ ಮಗುವನ್ನೂ ಬಹುವಚನದಲ್ಲಿ ಮಾತನಾಡಿಸುವ ಸಭ್ಯರು, ಹೋಟೆಲಿನಲ್ಲಿ ಕುಳಿತ ಕೂಡಲೇ ಅಪ್ಪನ ವಯಸ್ಸಿನ ಸಪ್ಲೈಯರನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವವರನ್ನು ಕಂಡು ಬೆರಗಾಗುವ ನಾವು, ಆ ತೋಳಿನವರನ್ನು ‘ರೀ’ ಎಂದು ಕರೆಯುವಷ್ಟು ಸೌಜನ್ಯವನ್ನು ಎಲ್ಲ ಹೋಟೆಲಿನಲ್ಲೂ ತೋರಿಸುವುದಿಲ್ಲ.

ಇನ್ನೊಂದು ಮಾತನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೊದಲ ಸಂಬಳದಲ್ಲಿ ಅಪ್ಪನನ್ನು ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಸಾಂಬಾರು ತರುವುದು ತಡವಾಯಿತೆಂದು ಅಲ್ಲಿದ್ದ ಹುಡುಗನಿಗೆ ಚಿಟಿಕೆ ಹೊಡೆದು ಕರೆದೆ. ಅಪ್ಪ ತಲೆಯೆತ್ತಲಿಲ್ಲ. ಅರ್ಧ ತಿಂದಿದ್ದ ತಟ್ಟೆಯನ್ನು ತಾವೇ ಎತ್ತಿಕೊಂಡು ಹೋಗಿ ಎಂಜಲು ತಟ್ಟೆಗಳ ಟಬ್ಬಿನಲ್ಲಿಟ್ಟು, ಹೊರಗೆ ಹೋಗಿ ನಿಂತರು. ಮನೆಗೆ ಬರುವವರೆಗೂ ನಾವಿಬ್ಬರೂ ಮಾತನಾಡಲಿಲ್ಲ. ಆ ಚಿಟಿಕೆಯ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆದ್ದರಿಂದಲೇ ಆ ಕ್ಯಾಪ್ಟನ್‌ನನ್ನು ಕೆಟ್ಟವನೆಂದು ಬರೆದು ಮುಗಿಸಲು ನನ್ನಿಂದಾಗುವುದಿಲ್ಲ. ಹಾಗೆ ಮಾತನಾಡುವಂತೆ ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ, ಇಲ್ಲವೇ ಹಾಗೆ ಮಾತನಾಡಬಾರದೆಂದು ಯಾರೂ ಹೇಳಿಕೊಟ್ಟಿಲ್ಲ. ಎರಡೂ ಮಾಲೀಕರ ಹೊಣೆ.

ಅಜ್ಜ ಅಜ್ಜಿ ಎದ್ದು ಹೋಗುವಾಗ ಆ ಹುಡುಗನೇ ಗಾಜಿನ ಬಾಗಿಲು ಹಿಡಿದು ನಿಂತಿದ್ದ. ಅಜ್ಜ ಜೇಬಿನ ಮೇಲೆ ಒಮ್ಮೆ ಕೈಯಿಟ್ಟರು, ತಿರುಗಿ ಕ್ಯಾಪ್ಟನ್ ಇದ್ದ ಕಡೆ ನೋಡಿದರು, ಮತ್ತೆ ಕೈ ಕೆಳಗಿಳಿಸಿ ಮೆಟ್ಟಿಲಿಳಿದರು. ನಾನು ಕಾಫಿ ಲೋಟ ಹಿಡಿದುಕೊಂಡು ನೋಡುತ್ತಿದ್ದೆ. ನನ್ನ ಬಿಲ್ಲಿನಿಂದ ಸರ್ವಿಸ್ ಚಾರ್ಜ್ ತೆಗೆಸಿ, ಆ ದುಡ್ಡನ್ನು ಹುಡುಗನ ಕೈಗೇ ಕೊಟ್ಟೆ ಎಂಬುದು ನಿಜ. ಆದರೆ ಮಾತನಾಡಬೇಕಾಗಿದ್ದದ್ದು ಅದಕ್ಕೂ ಹತ್ತು ನಿಮಿಷ ಮೊದಲು.

ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಮಾರ್ಗಸೂಚಿಯ ಮಾತು, ಕೋರ್ಟಿನ ಮಾತು, ನನ್ನ ಸಿಟ್ಟು, ಎಲ್ಲವನ್ನೂ ಅವರು ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ ಒಂದೇ ಒಂದು ಕೇಳಿದರು: ‘ಅಜ್ಜ ಇಟ್ಟ ದುಡ್ಡು ಆ ಮಾಣಿಗೆ ಸಿಕ್ಕಿತಾ?’

ಇಲ್ಲ ಅಪ್ಪ, ಸಿಗಲಿಲ್ಲ ಎಂದೆ.