ಸ್ವಂತ ವಾಕ್ಯದಲ್ಲಿ ಬಳಸಿ

ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ನನಗೆ ಪ್ರೀತಿಯ ಪ್ರಶ್ನೆ ಒಂದೇ ಇತ್ತು: ಕೆಳಗಿನ ಈಡಿಯಮ್‌ಗಳ (ನುಡಿಗಟ್ಟುಗಳ) ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿ. ಅರ್ಥವನ್ನು ಗೈಡು ನೋಡಿ ಉರುಹೊಡೆಯಬಹುದು. ವಾಕ್ಯ ಮಾತ್ರ ಸ್ವಂತದ್ದಾಗಬೇಕು. ನಮ್ಮ ಮನೆತನದಲ್ಲಿ ಈ ಪ್ರಶ್ನೆಗೆ ದೊಡ್ಡಪ್ಪನಷ್ಟು ಪ್ರಾಮಾಣಿಕವಾಗಿ ಉತ್ತರ ಬರೆದವರು ಇನ್ನೊಬ್ಬರಿಲ್ಲ.

ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದ ಎಷ್ಟೋ ಹುಡುಗರಂತೆ ಅವರೂ ಹಗಲಿಡೀ ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಕನ್ನಡ ರಾತ್ರಿಶಾಲೆಗೆ ಹೋದವರು. ಆಗಿನ ನೋಟ್‌ಬುಕ್ಕೊಂದು ಡೊಂಬಿವಲಿಯ ಮನೆಯ ಕಪಾಟಿನಲ್ಲಿ ಈಗಲೂ ಇದೆ. ನೀಲಿ ಶಾಯಿ, ಪುಟದ ಮೂಲೆಗೆ ಎಣ್ಣೆ ಬೆರಳಿನ ಗುರುತು. ಹೊಟ್ಟೆಪಾಡು ಎಂಬರ್ಥದ ‘ಬ್ರೆಡ್ ಅಂಡ್ ಬಟರ್’ ಎದುರಿಗೆ ಅವರು ಬರೆದದ್ದು, ನಮ್ಮ ಹೋಟೆಲಿನ ಬ್ರೆಡ್ ಅಂಡ್ ಬಟರ್ ಇಡ್ಲಿ ಸಾಂಬಾರು. ‘ರೆಡ್ ಹ್ಯಾಂಡೆಡ್’ಗೆ, ಬಟಾಟೆ ವಡೆ ತಿನ್ನುವಾಗ ಧಣಿ ನನ್ನನ್ನು ರೆಡ್ ಹ್ಯಾಂಡೆಡ್ ಆಗಿ ಹಿಡಿದರು. ‘ಬರ್ನ್ ದ ಮಿಡ್‌ನೈಟ್ ಆಯಿಲ್’, ಅಂದರೆ ರಾತ್ರಿ ನಿದ್ದೆಗೆಟ್ಟು ಓದುವುದು, ಅದಂತೂ ಅದ್ಭುತ: ಧಣಿಗಳು ಮಧ್ಯರಾತ್ರಿ ಎಣ್ಣೆ ಸುಡಲು ಬಿಡುವುದಿಲ್ಲ, ಅದೇ ಎಣ್ಣೆ ಬೆಳಿಗ್ಗೆ ಪೂರಿಗೆ ಬೇಕು. ಮಾಸ್ತರರು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದಿದ್ದಾರೆ. ನಾನಾಗಿದ್ದರೆ ಪೂರ್ಣ ಅಂಕ ಕೊಡುತ್ತಿದ್ದೆ.

ಮಳೆಯ ಮೇಲೆ ಪ್ರಬಂಧ ಬರೆಯಿರಿ ಎಂದರೆ ಇಲ್ಲಿನ ಮಕ್ಕಳು ಇಂದಿಗೂ ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎಂದೇ ಶುರುಮಾಡುತ್ತಾರೆ. 1738ರಷ್ಟು ಹಿಂದೆಯೇ ಜೊನಾಥನ್ ಸ್ವಿಫ್ಟ್ ದೊಡ್ಡಮನುಷ್ಯರ ಸವಕಲು ಮಾತುಗಳನ್ನೆಲ್ಲ ಪೋಣಿಸಿ ಒಂದು ಪುಸ್ತಕ ಅಚ್ಚುಹಾಕಿಸಿದ, ಗೇಲಿಗೆಂದೇ ಬರೆದದ್ದು. ಅದರಲ್ಲಿ ಈ ಬೆಕ್ಕು ನಾಯಿಗಳೂ ಇವೆ. ಆಗ ಗೇಲಿಗೆ ಗುರಿಯಾದ ಮಾತಿಗೆ ನಮ್ಮ ಟೀಚರು ಈಗಲೂ ‘ಗುಡ್’ ಹಾಕುತ್ತಾರೆ. ಮುಂಬಯಿಯ ಮಳೆಗೆ ಅದು ಸಾಲುವುದೂ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಬಿತ್ತು. ಲಂಡನ್ನಿನಲ್ಲಿ ಸಾಮಾನ್ಯವಾಗಿ ವರ್ಷವಿಡೀ ಸುರಿದರೂ ಅಷ್ಟಾಗುವುದಿಲ್ಲ. ಎದೆಮಟ್ಟದ ನೀರಿನಲ್ಲಿ ನಡೆದು ಮರುದಿನ ಮನೆ ಸೇರಿದ ದೊಡ್ಡಪ್ಪ, ಬಟ್ಟೆ ಬದಲಿಸುವ ಮೊದಲೇ ಹೇಳಿದ್ದರು: “ಆ ಬೆಕ್ಕು ನಾಯಿ ಅಂದವನನ್ನು ಒಂದು ಸಲ ಕುರ್ಲಾದಲ್ಲಿ ನಿಲ್ಲಿಸಬೇಕಿತ್ತು ಮಾರಾಯ!”

ನಮ್ಮ ಆಫೀಸಿನಲ್ಲೂ ಈಡಿಯಮ್‌ಗಳಿಗೆ ಬರವಿಲ್ಲ, ಆದರೆ ಅಲ್ಲಿ ಯಾರಿಗೂ ಸ್ವಂತ ವಾಕ್ಯ ಬೇಕಿಲ್ಲ. ಕೆಲಸ ಯಾಕೆ ಆಗಲಿಲ್ಲ ಎಂದು ಕೇಳಿದರೆ ‘ಬಾಲ್ ಈಸ್ ಇನ್ ದೇರ್ ಕೋರ್ಟ್’, ಇನ್ನು ಮಾಡಬೇಕಾದವರು ಅವರು. ಟೆನಿಸಿನಲ್ಲಾದರೆ ಚೆಂಡು ಎಲ್ಲಾದರೂ ಬೀಳಲೇಬೇಕು. ನಮ್ಮದು ವಾರಗಟ್ಟಲೆ ಇಮೇಲಿನಲ್ಲೇ ತೇಲುತ್ತಿರುತ್ತದೆ. ‘ನೀವು ಮಾಡಲಿಲ್ಲ’ ಎಂದು ಮುಖಕ್ಕೆ ಹೇಳಿದರೆ ಜಗಳ. ಹೀಗೆ ಹೇಳಿದರೆ ಎಲ್ಲರೂ ತಲೆಯಾಡಿಸಿ ಕಟಿಂಗ್ ಚಾ ಕುಡಿಯಲು ಇಳಿಯುತ್ತಾರೆ. ಇನ್ನು ‘ಲೋ ಹ್ಯಾಂಗಿಂಗ್ ಫ್ರೂಟ್’, ಅಂದರೆ ಸುಲಭಕ್ಕೆ ಆಗುವ ಕೆಲಸ. ಮೊದಲು ಕೆಳಗಿನ ಹಣ್ಣು ಕೀಳಿ ಎಂದು ಮೀಟಿಂಗಿನಲ್ಲಿ ಉಪದೇಶ ಮಾಡುವವರು ಮಾವಿನ ಮರದ ಮನೆಯಲ್ಲಿ ಬೆಳೆದವರಲ್ಲ. ಕೈಗೆಟುಕುವ ಹಣ್ಣನ್ನು ದಾರಿಹೋಕರು ಯಾವಾಗಲೋ ಕಿತ್ತಾಗಿರುತ್ತದೆ. ಮನೆಯವರಿಗೆ ದೋಟಿಯೇ ಗತಿ.

ಇಂಗ್ಲಿಷಿನವರೂ ಒಮ್ಮೆ ನಮ್ಮ ನೆರೆಯಲ್ಲೇ ತಮ್ಮ ಸ್ವಂತ ಮಾತೊಂದನ್ನು ಮಾಡಿಕೊಂಡರು. ನಾಸಿಕದ ರೈಲು ಹತ್ತಿದರೆ ಇಗತ್‌ಪುರಿ ದಾಟಿದ ಮೇಲೆ ದೇವಳಾಲಿ ಬರುತ್ತದೆ. ಅಲ್ಲಿ ಬ್ರಿಟಿಷರ ಸೈನ್ಯದ ಬಿಡಾರವಿತ್ತು. ಸೇವೆಯ ಅವಧಿ ಮುಗಿಸಿದ ಸೋಲ್ಜರರು ಊರಿಗೆ ಹೋಗುವ ಹಡಗಿಗಾಗಿ ಅಲ್ಲಿ ಕಾಯಬೇಕು. ಮಾಡಲು ಕೆಲಸವಿಲ್ಲ, ಮೇಲೆ ಬಿಸಿಲು. ಕಾದು ಕಾದು ತಲೆಕೆಟ್ಟವನಿಗೆ ‘ಡೂಲಾಲಿ ಟ್ಯಾಪ್’ ಹಿಡಿದಿದೆ ಎನ್ನತೊಡಗಿದರು. ಟ್ಯಾಪ್ ಎಂದರೆ ನಮ್ಮ ತಾಪವೇ, ಜ್ವರ. ಸೈನ್ಯ ಹೋದರೂ ‘ಡೂಲಾಲಿ’ ಅವರ ಇಂಗ್ಲಿಷಿನಲ್ಲಿ ಉಳಿದಿದೆ.

ದೊಡ್ಡಪ್ಪನಿಗೆ ಇವೆಲ್ಲಕ್ಕಿಂತ ಮೆಚ್ಚು ‘ಹಾಬ್ಸನ್ಸ್ ಚಾಯ್ಸ್’. ಥಾಮಸ್ ಹಾಬ್ಸನ್ ಕೇಂಬ್ರಿಜ್‌ನಲ್ಲಿ ಕುದುರೆ ಬಾಡಿಗೆಗೆ ಕೊಡುತ್ತಿದ್ದವನು, 1631ರಲ್ಲಿ ತೀರಿಕೊಂಡ. ಲಾಯದ ತುಂಬ ಕುದುರೆಗಳಿದ್ದರೂ ಗಿರಾಕಿ ಬಾಗಿಲ ಬಳಿಯದ್ದನ್ನೇ ಒಯ್ಯಬೇಕು, ಬೇಡವೆಂದರೆ ನಡೆದುಹೋಗಬೇಕು. ಒಳ್ಳೆಯ ಕುದುರೆಗಳನ್ನೇ ಎಲ್ಲರೂ ಕೇಳಿ ಅವು ಸುಸ್ತಾಗದಿರಲೆಂದು ಮಾಡಿದ ಸರದಿ. ಸಂಜೆ ದಾದರಿನಲ್ಲಿ ಕಲ್ಯಾಣ್ ಫಾಸ್ಟ್ ಲೋಕಲ್ ರೈಲು ಬಂದಾಗ ನಮ್ಮದೂ ಅದೇ ಪಾಡು. ಯಾವ ಬಾಗಿಲೆಂದು ನಾವು ಆರಿಸುವುದಿಲ್ಲ, ಹಿಂದಿನವರು ತಳ್ಳಿದ್ದೇ ಬಾಗಿಲು. ಒಮ್ಮೆ ನಾನು ಇದನ್ನು ಹೇಳಿದಾಗ ದೊಡ್ಡಪ್ಪ ಒಪ್ಪಲಿಲ್ಲ.

“ಹಾಬ್ಸನ್ನನ ಗಿರಾಕಿಗೆ ಕೂತು ಹೋಗಲಿಕ್ಕಾದರೂ ಸಿಗುತ್ತಿತ್ತು,” ಎಂದರು.