ಹೊರರಾಜ್ಯದ ಕಾರ್ಮಿಕರ ಖಾತೆಗೆ ನಮ್ಮ ಸರ್ಕಾರ ದುಡ್ಡು ಹಾಕಬೇಕಾ?

ಪರ: ರೈಲು ತಡೆದವರೇ ಕೊಡಲಿ

2020ರ ಮೇ ತಿಂಗಳು, ಕೊರೊನಾ ಲಾಕ್‌ಡೌನ್. ಊರಿಗೆ ಹೋಗ್ತೀವಿ ಅಂತ ಕಾರ್ಮಿಕರು ಗಂಟುಮೂಟೆ ಕಟ್ಟಿ ಕೂತಿದ್ದರು. ರಾಜ್ಯ ಸರ್ಕಾರ ಬಿಲ್ಡರ್‌ಗಳ ಜೊತೆ ಸಭೆ ಮಾಡಿ, ಮರುದಿನದಿಂದ ರೈಲು ಬೇಡ ಅಂತ ನೈರುತ್ಯ ರೈಲ್ವೆಗೆ ಪತ್ರ ಬರೆಯಿತು. ಆ ರೈಲ್ವೆಯ ಕೇಂದ್ರ ಕಚೇರಿ ಇರುವುದು ನಮ್ಮ ಹುಬ್ಬಳ್ಳಿಯಲ್ಲೇ. ಜನ ಉಗಿದ ಮೇಲೆ ಮತ್ತೆ ರೈಲು ಬಿಟ್ಟರು, ಆ ಮಾತು ಬೇರೆ. ಕೆಲಸಕ್ಕೆ ಬೇಕು ಅಂತ ಹಿಡಿದಿಟ್ಟವರು ಖರ್ಚಿಗೂ ಕೊಡಬೇಕು, ಅಲ್ವಾ?

ದುಡ್ಡು ಎಲ್ಲಿಂದ ಅಂತೀರಾ? ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್, ಅಂದರೆ ಕಟ್ಟಿಸುವವರು ಕೊಡುವ ತೆರಿಗೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಗೋಕುಲ ರೋಡಿನ ಅಪಾರ್ಟ್‌ಮೆಂಟಿಗೆ ಸೆಂಟ್ರಿಂಗ್ ಕಟ್ಟಿದವನು ಬಿಹಾರದವನು ಅಂತ ಸೆಸ್ ಬಿಟ್ಟರಾ? ಇಲ್ಲವಲ್ಲ. ಆ ವರ್ಷ ಕಟ್ಟಡ ಕಾರ್ಮಿಕರಿಗೆ ಮೊದಲು 2,000, ಆಮೇಲೆ 3,000 ರೂಪಾಯಿ ಘೋಷಣೆಯಾಯಿತು. ಆದರೆ ನೋಂದಣಿ ಇದ್ದವರಿಗೆ ಮಾತ್ರ. ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ಪತ್ರ ಬೇಕು. ಸೈಟಿನಿಂದ ಸೈಟಿಗೆ ಅಲೆಯುವವನಿಗೆ ಅದನ್ನು ಯಾರು ಬರೆದುಕೊಡ್ತಾರೆ?

ರೇಷನ್ ಕೊಟ್ಟರಲ್ಲ ಅನ್ನುವವರು ಇದನ್ನು ಕೇಳಿ. ಉಣಕಲ್‌ನಲ್ಲಿ ನಮ್ಮ ಮನೆ ಎದುರಿನ ಅರ್ಧ ಕಟ್ಟಿದ ಕಟ್ಟಡದಲ್ಲಿ ಜಾರ್ಖಂಡ್‌ನ ಹುಡುಗರಿದ್ದರು. ತಲೆಗೆ ಐದು ಕೆಜಿ ಅಕ್ಕಿ ಬಂತು, ಆದರೆ ಸಣ್ಣ ಸಿಲಿಂಡರ್ ಖಾಲಿ. ಸೆಂಟ್ರಿಂಗ್ ಹಲಗೆ ಒಡೆದು ಒಲೆ ಹಚ್ಚಿದರೆ, ಪಗಾರದಲ್ಲಿ ಮುರಿದುಕೊಳ್ತೀನಿ ಅಂತ ಗುತ್ತಿಗೆದಾರ ಕೂಗಾಡಿದ. ಕೊಡದೇ ಇದ್ದ ಪಗಾರದಲ್ಲಿ! ಒಬ್ಬ ಹುಡುಗ ಚೀಲದೊಳಗೆ ಅಕ್ಕಿ ತಂದು ನಮ್ಮ ಗೇಟಿನ ಹತ್ತಿರ ನಿಂತ. "ದೀದಿ, ಇದನ್ನು ಇಟ್ಟುಕೊಂಡು ಮೊಬೈಲ್‌ಗೆ ರೀಚಾರ್ಜ್ ಹಾಕಿಸಿ" ಅಂದ. ಊರಲ್ಲಿ ತಾಯಿಗೆ ಹುಷಾರಿರಲಿಲ್ಲವಂತೆ. ಅಕ್ಕಿಯಿಂದ ರೀಚಾರ್ಜ್ ಆಗೋದಿಲ್ಲ, ಖೋಲಿ ಬಾಡಿಗೆಯೂ ಆಗೋದಿಲ್ಲ.

ಗದಗ ಜಿಲ್ಲೆಯ ತಾಂಡಾಗಳಿಂದ ಜನ ಗೋವಾಕ್ಕೆ ಗುಳೆ ಹೋಗ್ತಾರಲ್ಲ, ಅಲ್ಲಿ ಅವರೇ ಹೊರಗಿನವರು. ಅವರಿಗೆ ಅಲ್ಲಿಯ ಸರ್ಕಾರ ಏನೂ ಕೊಡಬಾರದು ಅಂತ ನಮ್ಮಲ್ಲಿ ಯಾರು ಹೇಳ್ತಾರೆ?

ವಿರೋಧ: ಮೊದಲು ನಮ್ಮ ಕಾಕಾನಿಗೆ ಬರಲಿ

ವಿರೋಧವಾಗಿ ಬರೆಯೋಕೆ ಯಾರೂ ಒಪ್ಪಲಿಲ್ಲ, ನೀವೇ ಬರೆಯಿರಿ ಅಂತ ಈ ಚರ್ಚೆ ನಡೆಸುವವರು ನನಗೆ ಅಂದರು. ಸರಿ. ಊಟ ಬೇಡ ಅನ್ನುವಷ್ಟು ಕಲ್ಲುಮನಸ್ಸು ನನ್ನದಲ್ಲ. ಊಟ ಕೊಡಿ, ರೈಲಿನ ಟಿಕೆಟ್ ಕೊಡಿ. ನಗದು ಅವರವರ ರಾಜ್ಯದ ಕೆಲಸ. ಹೊರಗೆ ಸಿಕ್ಕಿಬಿದ್ದ ತನ್ನ ಜನಕ್ಕೆ ಬಿಹಾರ ಸರ್ಕಾರ 2020ರಲ್ಲಿ 1,000 ರೂಪಾಯಿ ಹಾಕಿತ್ತು. ನಾವೂ ಹಾಕಿದರೆ ಒಬ್ಬನಿಗೆ ಎರಡೆರಡು ಕಡೆಯಿಂದ. ಹೀಗೇ ಹೋದರೆ ಪಾನಿಪೂರಿ ಮಾರಿದವರಿಗೆಲ್ಲ ಪಿಂಚಣಿನೂ ಕೊಡಬೇಕಾಗುತ್ತೆ. ಸೆಸ್ ಲೆಕ್ಕ ವಕೀಲರು ನೋಡಿಕೊಳ್ಳಲಿ.

ನಮ್ಮ ಕಾಕಾನದು ಗದಗಿನಲ್ಲಿ ಕಟಿಂಗ್ ಅಂಗಡಿ. ಆ ಮೇ ತಿಂಗಳು ಕ್ಷೌರಿಕರಿಗೆ, ಅಗಸರಿಗೆ, ಆಟೋದವರಿಗೆ 5,000 ಅಂತ ಟಿವಿಯಲ್ಲಿ ಬಂತು. ಕಾಕಿ ಅವತ್ತೇ ಕಿರಾಣಿ ಅಂಗಡಿಯವನಿಗೆ, ಮುಂದಿನ ವಾರ ಬಾಕಿ ತೀರಿಸ್ತೀವಿ ಅಂತ ಮಾತು ಕೊಟ್ಟಳು. ಆಮೇಲೆ ಗೊತ್ತಾಯಿತು, ಕ್ಷೌರಿಕ ಅಂತ ಯಾರಾದರೂ ಬರೆದುಕೊಡಬೇಕಂತೆ. ಕಾಕಾ ಕಚೇರಿಗೆ ಹೋದ. ಅಲ್ಲಿ ಕೂತಿದ್ದವನು ಕಾಕಾನ ಹಳೇ ಗಿರಾಕಿ. "ನೀವು ಕ್ಷೌರಿಕರು ಅನ್ನೋದಕ್ಕ ದಾಖಲೆ ಏನೈತಿ?" ಅಂತ ಕೇಳಿದ. "ನಿಮ್ಮ ತಲೀನ ದಾಖಲೆ ಸಾಹೇಬ್ರ" ಅಂದ ಕಾಕಾ. ಅಲ್ಲಿದ್ದವರೆಲ್ಲ ನಕ್ಕರಂತೆ. ಪತ್ರ ಸಿಕ್ಕಿತು. ಆದರೆ ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ದುಡ್ಡು ಬರಲೇ ಇಲ್ಲ. ಮಳೆಗಾಲದಲ್ಲಿ ಎರಡು ಕುರ್ಚಿಯ ಪೈಕಿ ಒಂದನ್ನು ಮಾರಿದ.

ಇಲ್ಲೇ ಹುಟ್ಟಿ ಬೆಳೆದವನ ಪಾಡು ಇದು. ಇನ್ನು ಇವತ್ತಿದ್ದು ನಾಳೆ ಪುಣೆಗೆ ಹೋಗುವವನಿಗೆ ಸಹಿ ಹಾಕುವವರು ಯಾರು? ಮೇಸ್ತ್ರಿಯೇ ಹಾಕ್ತಾನೆ, ಅರ್ಧ ತನ್ನ ಜೇಬಿಗೆ ಇಳಿಸಿಕೊಂಡು. 2021ರಲ್ಲಿ ಕೇಂದ್ರದವರೇ ಅಸಂಘಟಿತ ಕಾರ್ಮಿಕರ ಹೆಸರು ನೋಂದಾಯಿಸೋಕೆ ಇ-ಶ್ರಮ್ ಪೋರ್ಟಲ್ ತಂದಿದ್ದಾರೆ. ಅದರಲ್ಲಿ ಹೆಸರು ಬರೆಸಲಿ, ಮುಂದಿನ ಸಲ ದುಡ್ಡನ್ನೂ ಅವರೇ ಹಾಕಲಿ. ಅಷ್ಟರೊಳಗೆ ಕಾಕಾನ ಐದು ಸಾವಿರ ಎಲ್ಲಿದೆ ಅಂತ ಯಾರಾದರೂ ಹುಡುಕಿಕೊಟ್ಟರೆ, ನಾನು ಪರದ ಕಡೆಗೂ ಬರೆಯಲು ತಯಾರಿದ್ದೇನೆ.