ಆಲಿವ್ ಮತ್ತು ಗುಚ್ಚಿ ಅಣಬೆ: ನೂರು ಗ್ರಾಂ ಲೆಕ್ಕದ ಎಡವಟ್ಟು

ಎರಡು ಪದಾರ್ಥಗಳನ್ನು ಎದುರುಬದುರು ನಿಲ್ಲಿಸಿ, ನೂರು ಗ್ರಾಂಗೆ ಯಾವುದರಲ್ಲಿ ಏನೆಷ್ಟಿದೆ ಎಂದು ತೋರಿಸುವ ಪಟ್ಟಿಗಳಿಗೆ ಈಗ ಬರವಿಲ್ಲ. ಅದರಲ್ಲಿ ಆಲಿವ್ ಮತ್ತು ಗುಚ್ಚಿ ಅಣಬೆಯ (ಹಿಮಾಲಯದ ಕಡೆಯ ಕಾಡು ಅಣಬೆ, ಇಂಗ್ಲಿಷಿನಲ್ಲಿ ಮೊರೆಲ್) ಜೋಡಿಯೂ ಒಂದು. ಅಂಕಿಗಳು ಸುಳ್ಳಲ್ಲ. ಆದರೆ ಅವನ್ನೇ ನಂಬಿ ಮಲೆನಾಡಿನ ಅಡುಗೆಮನೆಗೆ ಇವೆರಡನ್ನೂ ತಂದರೆ ದುಡ್ಡು ದಂಡ, ಎಚ್ಚರ ತಪ್ಪಿದರೆ ಜೀವಕ್ಕೂ ಕುತ್ತು.

ಮೊದಲು ಅಂಕಿ ನೋಡೋಣ. ಉಪ್ಪುನೀರಿನಲ್ಲಿಟ್ಟ ಹಸಿರು ಆಲಿವ್ 100 ಗ್ರಾಂಗೆ ಸುಮಾರು 145 ಕ್ಯಾಲರಿ, 15 ಗ್ರಾಂ ಕೊಬ್ಬು, ಬರೀ 1 ಗ್ರಾಂ ಪ್ರೋಟೀನ್, ಸೋಡಿಯಂ 1,500 ಮಿಲಿಗ್ರಾಂಗೂ ಮೇಲೆ. ಹಸಿ ಗುಚ್ಚಿ 100 ಗ್ರಾಂಗೆ 31 ಕ್ಯಾಲರಿ, ಅರ್ಧ ಗ್ರಾಂ ಕೊಬ್ಬು, 3 ಗ್ರಾಂ ಪ್ರೋಟೀನ್, 12 ಮಿಲಿಗ್ರಾಂ ಕಬ್ಬಿಣ, 5 ಮೈಕ್ರೋಗ್ರಾಂ ವಿಟಮಿನ್ ಡಿ. ಒಂದು ಎಣ್ಣೆಕಾಯಿ, ಇನ್ನೊಂದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರು. ಇವೆರಡರಲ್ಲಿ ಯಾವುದು ಮೇಲು ಅಂತ ಕೇಳುವ ಬದಲು, ತಟ್ಟೆಗೆ ಎಷ್ಟು ಬೀಳುತ್ತದೆ, ಹೇಗೆ ಬೀಳುತ್ತದೆ ಅಂತ ಕೇಳಬೇಕು.

ಆಲಿವ್ ಅನ್ನು ಯಾರೂ ನೂರು ಗ್ರಾಂ ತಿನ್ನುವುದಿಲ್ಲ. ಹತ್ತು ಕಾಯಿ ಅಂದರೆ ಸುಮಾರು 35 ಗ್ರಾಂ. ಅದರಿಂದ ಸಿಗುವ ಕೊಬ್ಬು 5 ಗ್ರಾಂ, ಅಂದರೆ ಒಂದು ಟೀ ಚಮಚ ಎಣ್ಣೆ. ಅದರ ಮುಕ್ಕಾಲು ಪಾಲು ಹೃದಯಕ್ಕೆ ಹಿತವಾದ ಓಲಿಯಿಕ್ ಆಮ್ಲ ಅನ್ನುವುದು ನಿಜ. ಆದರೆ ಒಗ್ಗರಣೆಯ ಎಣ್ಣೆಯನ್ನು ಒಂದು ಚಮಚ ಇಳಿಸದೆ ಮೇಲಿಂದ ಆಲಿವ್ ತಿಂದರೆ ಕ್ಯಾಲರಿ ಸೇರಿತೇ ಹೊರತು ಲಾಭವಾಗಲಿಲ್ಲ. ಅದೇ ಹತ್ತು ಕಾಯಿಯ ಜೊತೆ 500 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಮಿತಿ 2,000.

ಉಪ್ಪು ಯಾಕೆ ಇಷ್ಟು? ಮರದಿಂದ ಕಿತ್ತ ಆಲಿವ್ ಬಾಯಿಗಿಡಲಾಗದಷ್ಟು ಕಹಿ. ಒಲಿಯೂರೋಪೀನ್ ಎಂಬ ಅಂಶ ಅದಕ್ಕೆ ಕಾರಣ. ಕ್ಷಾರದ ನೀರಿನಲ್ಲೋ ಉಪ್ಪುನೀರಿನಲ್ಲೋ ನೆನೆಸಿ ಕಹಿ ತೆಗೆದು, ನಾವು ಅಪ್ಪೆಮಿಡಿಯನ್ನು ಉಪ್ಪಿನಲ್ಲಿಡುವ ಹಾಗೆ ಇಡುತ್ತಾರೆ. ಹಾಗಾಗಿ ಶಿವಮೊಗ್ಗದ ಅಂಗಡಿಯಲ್ಲಿ ಸಿಗುವ ಬಾಟಲಿಯನ್ನು ಉಪ್ಪಿನಕಾಯಿಯ ಲೆಕ್ಕಕ್ಕೇ ಹಿಡಿಯಿರಿ. ಊಟಕ್ಕೆ ಮಿಡಿ, ಹಪ್ಪಳ ಇದ್ದ ದಿನ ಆಲಿವ್ ಬೇಡ. ಬಳಸುವುದಾದರೆ ಬೇಕಾದಷ್ಟನ್ನು ತೊಳೆದು, ತಣ್ಣೀರಿನಲ್ಲಿ ಎರಡು ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ರುಚಿ ನೋಡಿದ ಮೇಲಷ್ಟೇ ಅಡುಗೆಗೆ ಉಪ್ಪು ಹಾಕಿ. ಬಾಟಲಿಯಲ್ಲಿ ಉಳಿದ ಕಾಯಿ ನೀರಿನೊಳಗೆ ಮುಳುಗಿರಲಿ. ಮೇಲೆ ತೇಲಿದ್ದಕ್ಕೇ ಮೊದಲು ಬೂಷ್ಟು ಬರುವುದು.

ಕಪ್ಪು ಆಲಿವ್‌ನಲ್ಲಿ ಕಬ್ಬಿಣ ಜಾಸ್ತಿ ಅನ್ನುತ್ತಾರಲ್ಲ, ಡಬ್ಬಿಯ ಕಪ್ಪು ಆಲಿವ್ ಬಹುಪಾಲು ಹಸಿರಿದ್ದಾಗಲೇ ಕಿತ್ತು, ಗಾಳಿ ಹಾಯಿಸಿ ಕಪ್ಪು ಮಾಡಿದ್ದು. ಬಣ್ಣ ನಿಲ್ಲಲು ಫೆರಸ್ ಗ್ಲುಕೋನೇಟ್ ಎಂಬ ಕಬ್ಬಿಣದ ಲವಣ ಸೇರಿಸುತ್ತಾರೆ. ಲೇಬಲ್ಲಿನಲ್ಲಿ 579 ಅಂತಿದ್ದರೆ ಅದೇ. ಹಸಿರು ಆಲಿವ್‌ನಲ್ಲಿ ಕಬ್ಬಿಣ 100 ಗ್ರಾಂಗೆ ಅರ್ಧ ಮಿಲಿಗ್ರಾಂ ಮಾತ್ರ.

ಇನ್ನು ಗುಚ್ಚಿ. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಕಾಡುಗಳಲ್ಲಿ ಹಿಮ ಕರಗಿದ ಮೇಲೆ ಏಳುವ ಅಣಬೆ. ನಮ್ಮಲ್ಲಿಗೆ ಬರುವುದು ಒಣಗಿಸಿದ್ದು. ನೂರು ಗ್ರಾಂ ಹಸಿ ಗುಚ್ಚಿ ಒಣಗಿದರೆ ಸುಮಾರು ಹತ್ತು ಗ್ರಾಂ. ಕೆಜಿಗೆ 20 ಸಾವಿರ ಅಂತ ಹಿಡಿದರೂ ಆ 12 ಮಿಲಿಗ್ರಾಂ ಕಬ್ಬಿಣಕ್ಕೆ 200 ರೂಪಾಯಿ. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಅಣಬೆಯ ಕಬ್ಬಿಣವನ್ನು ದೇಹ ಪೂರ್ತಿ ಹೀರಿಕೊಳ್ಳುವುದೂ ಇಲ್ಲ. ನಿಂಬೆರಸ ಹಿಂಡಿಕೊಂಡರೆ ಅನುಕೂಲ, ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ನಷ್ಟ. ರಕ್ತಹೀನತೆಗೆ ಗುಚ್ಚಿ ಮದ್ದು ಅಂತ ಕೊಳ್ಳುವುದು ಶುದ್ಧ ತಪ್ಪು. ರುಚಿಗಾಗಿ ಕೊಂಡರೆ ತಕರಾರಿಲ್ಲ, ಆ ಘಮ ಬೇರೆ ಅಣಬೆಗಿಲ್ಲ.

ಕೊಂಡ ಮೇಲೆ ಬೇಯಿಸುವುದರಲ್ಲಿ ಮಾತ್ರ ರಾಜಿ ಬೇಡ. ಗುಚ್ಚಿಯನ್ನು ಹಸಿಯಾಗಿ, ಅರೆಬೆಂದಂತೆ ತಿನ್ನಲೇಬಾರದು. 2023ರಲ್ಲಿ ಅಮೆರಿಕದ ಮೊಂಟಾನಾದ ಒಂದು ಹೋಟೆಲಿನಲ್ಲಿ ಹಸಿ ಮತ್ತು ಅರೆಬೆಂದ ಗುಚ್ಚಿ ತಿಂದು 51 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಒಣಗಿಸಿದ ಮಾತ್ರಕ್ಕೆ ವಿಷ ಹೋಯಿತು ಅಂತಲ್ಲ. ಮೊದಲು ತಣ್ಣೀರಿನಲ್ಲಿ ಬೇಗ ತೊಳೆದು, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಪ್ರತಿಯೊಂದನ್ನೂ ತುದಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿ. ಜೇನುಗೂಡಿನಂಥ ಕುಳಿಗಳಲ್ಲಿ ಮರಳು, ಒಳಗೆ ಹುಳ ಇರುವುದುಂಟು. ಅಸಲಿ ಗುಚ್ಚಿ ಒಳಗೆ ಪೂರ್ತಿ ಟೊಳ್ಳು, ಟೋಪಿಯಿಂದ ಕಾಂಡದವರೆಗೆ ಒಂದೇ ಕೊಳವೆ. ಒಳಗೆ ಹತ್ತಿಯಂಥ ತಿರುಳು, ಗೋಡೆ ಗೋಡೆಯಂಥ ಅರೆಗಳು ಕಂಡರೆ ಇಡೀ ಪೊಟ್ಟಣ ಎಸೆಯಿರಿ. ನೆನೆಸಿದ ನೀರಿನಲ್ಲೇ ಘಮ ಇರುವುದರಿಂದ ತೆಳುಬಟ್ಟೆಯಲ್ಲಿ ಸೋಸಿ ಸಾರಿಗೆ ಹಾಕಿ, ಆದರೆ ಅದನ್ನೂ ಕುದಿಸಬೇಕು. ಹೋಳು ಕನಿಷ್ಠ ಕಾಲು ಗಂಟೆ ಚೆನ್ನಾಗಿ ಬೇಯಲಿ, ಕಿಟಕಿ ತೆರೆದಿರಲಿ. ಮೊದಲ ಸಲ ತಿನ್ನುವವರು ಎರಡು ಹೋಳಿಗೆ ನಿಲ್ಲಿಸಿ, ಜೊತೆಗೆ ಮದ್ಯ ಬೇಡ.

ಇನ್ನೊಂದು ಮಾತು, ಇದು ಮುಖ್ಯ. ಗುಚ್ಚಿಯ ಫೋಟೋ ಹಿಡಿದು ತೀರ್ಥಹಳ್ಳಿ, ಹೊಸನಗರದ ಕಾಡಿನಲ್ಲಿ ಹುಡುಕಬೇಡಿ. ಇಲ್ಲಿ ಮಳೆಗಾಲದಲ್ಲಿ ಕುಳಿಕುಳಿಯ ತಲೆ ಹೊತ್ತು ಏಳುವ, ಲೋಳೆ ಮೆತ್ತಿಕೊಂಡು ಕೊಳೆತ ವಾಸನೆ ಬೀರುವ ಅಣಬೆ ಗುಚ್ಚಿಯಲ್ಲ. ಗುಡುಗಿನ ಮಳೆಗೆ ಹುತ್ತದ ಮೇಲೆ ಏಳುವ ನಮ್ಮ ಅಣಬೆಯ ರುಚಿಗೆ ಎಣೆಯಿಲ್ಲ, ಆದರೆ ಅದನ್ನೂ ಗುರುತು ಬಲ್ಲ ಹಿರಿಯರು ಕಿತ್ತದ್ದನ್ನೇ ತಿನ್ನಬೇಕು.

ಪ್ರೋಟೀನ್ ಬೇಕಿದ್ದವರಿಗೆ ಪೇಟೆಯ ಚಿಪ್ಪು ಅಣಬೆ ಸಾಕು, ಅದರಲ್ಲೂ 100 ಗ್ರಾಂಗೆ 3 ಗ್ರಾಂ ಚಿಲ್ಲರೆ ಇದೆ. ವಿಟಮಿನ್ ಡಿ ವಿಷಯದಲ್ಲಂತೂ ಗುಚ್ಚಿಯನ್ನೇ ಹಿಂದೆ ಹಾಕಬಹುದು. ಬಟನ್ ಅಥವಾ ಚಿಪ್ಪು ಅಣಬೆಯನ್ನು ಹೆಚ್ಚಿ, ಒಂದರ ಮೇಲೊಂದು ಬೀಳದಂತೆ ತಟ್ಟೆಯಲ್ಲಿ ಹರಡಿ, ನಡುಮಧ್ಯಾಹ್ನದ ನೇರ ಬಿಸಿಲಿಗೆ ಒಂದು ಗಂಟೆ ಇಡಿ. 100 ಗ್ರಾಂಗೆ 10 ಮೈಕ್ರೋಗ್ರಾಂ ದಾಟುವಷ್ಟು ಡಿ ಹುಟ್ಟುತ್ತದೆ. ಗಾಜಿನ ಕಿಟಕಿಯೊಳಗಿನ ಬಿಸಿಲಿಗೆ ಇದು ಆಗದು, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಆಗುಂಬೆಯ ಕಡೆ ಜೂನ್ ಬಂತೆಂದರೆ ಬಿಸಿಲೇ ಕಾಣದು, ಹಾಗಾಗಿ ಈ ಕೆಲಸ ಏಪ್ರಿಲ್‌ನೊಳಗೇ ಆಗಬೇಕು. ಗರಿಗರಿಯಾಗುವಷ್ಟು ಒಣಗಿಸಿ ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ತಿಂಗಳು ಕಳೆದಂತೆ ಡಿ ಇಳಿಯುತ್ತದೆ, ಹಾಗಾಗಿ ಮಳೆಗಾಲ ಮುಗಿಯುವುದರೊಳಗೆ ಬಳಸಿ. ಬೇಯಿಸುವಾಗ ಒಂದು ಚಮಚ ಎಣ್ಣೆಯಾದರೂ ಇರಲಿ, ಡಿ ಮೈಗೆ ಹತ್ತುವುದು ಜಿಡ್ಡಿನ ಜೊತೆಗೇ.